ಅತ್ತಿಗೆಯ ಕಾರಿನ ಎಡಗಡೆ ಟೈರು

ಮದುವೆಯಾಗಿ ನಾನು ಮೈಸೂರಿನಿಂದ ಚೆಂಬೂರಿಗೆ ಬಂದಾಗ ಆ ಮನೆಯಲ್ಲಿ ಕಾರು ಓಡಿಸುತ್ತಿದ್ದವರು ನನ್ನ ಗಂಡನಲ್ಲ, ಅವರ ಅಕ್ಕ, ನನ್ನ ಅತ್ತಿಗೆ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮೂರಿನ ಕಡೆ ಹೆಂಗಸರು ಕಾರಿನ ಹಿಂದಿನ ಸೀಟಿನಲ್ಲಿ ಕೂರುವುದನ್ನು ಕಂಡಿದ್ದೆನೇ ಹೊರತು ಸ್ಟೀರಿಂಗ್ ಹಿಡಿದಿದ್ದನ್ನು ಕಂಡಿರಲಿಲ್ಲ. ಅತ್ತಿಗೆ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬ್ರೇಕಿನ ಮೇಲೆ ಪಾದವಿಟ್ಟು, ಸಾಯನ್ ಸರ್ಕಲ್ಲಿನ ಲಾರಿಗಳ ನಡುವೆ ಏನೂ ಆಗಿಲ್ಲವೆಂಬಂತೆ ಹೋಗುತ್ತಿದ್ದರು.

ಅವರಿಗೆ ಪರೇಲಿನ ಒಂದು ಬಟ್ಟೆ ಮಿಲ್ಲಿನಲ್ಲಿ ಕೆಲಸ. ನೂಲು ಎಷ್ಟು ಗಟ್ಟಿ, ನೇಯ್ಗೆ ಸರಿಯಿದೆಯೋ, ಬಣ್ಣ ನಿಲ್ಲುತ್ತದೋ ಎಂದು ಪರೀಕ್ಷೆ ಮಾಡುವ ವಿಭಾಗ. ಮದುವೆಯಾಗಿರಲಿಲ್ಲ. ಅದರ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಆ ಬೂದು ಬಣ್ಣದ ಸಣ್ಣ ಕಾರು ಅವರ ಸ್ವಂತ ಸಂಪಾದನೆಯದು. ನನ್ನ ಗಂಡ ಡ್ರೈವಿಂಗ್ ಕಲಿತಿದ್ದರೂ ರಿಫೈನರಿಯ ಬಸ್ಸಿನಲ್ಲಿ ಹೋಗುತ್ತಿದ್ದರು. ನನಗೆ ಮಾಟುಂಗಾದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಮೇಲೆ ಅತ್ತಿಗೆ ದಾರಿಯಲ್ಲಿ ನನ್ನನ್ನು ಇಳಿಸಿ ಮುಂದೆ ಹೋಗುತ್ತಿದ್ದರು, ಸಂಜೆ ಬರುವಾಗ ಹತ್ತಿಸಿಕೊಳ್ಳುತ್ತಿದ್ದರು.

ಕಾರಿನಲ್ಲಿ ನಮ್ಮ ಜೊತೆ ಇನ್ನೊಬ್ಬರು ಬರುತ್ತಿದ್ದರು. ಬಾಗಲಕೋಟೆ ಕಡೆಯವರು, ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿದ್ದರು. ಕಟ್ಟಡ ಕಟ್ಟುವ ಕಂಪನಿಯೊಂದರ ಪರೇಲ್ ಆಫೀಸಿನಲ್ಲಿ ಸೂಪರ್‌ವೈಸರ್. ಇಡೀ ಬಿಲ್ಡಿಂಗಿಗೆ ಅವರು ಕಾಕಾ. ಎತ್ತರದ, ದಪ್ಪನೆಯ ಆಳು. ಹಿಂದಿನ ಸೀಟಿನಲ್ಲಿ ಮೊಣಕಾಲು ಹಿಡಿಸುವುದಿಲ್ಲವೆಂದು ಅವರನ್ನು ಮುಂದೆ, ಅತ್ತಿಗೆಯ ಎಡಕ್ಕೆ ಕೂರಿಸುತ್ತಿದ್ದೆವು. ಅವರು ಕೂತಾಗ ಕಾರು ಆ ಕಡೆಗೆ ಒಂದಿಷ್ಟು ವಾಲುತ್ತಿತ್ತು. ದಾರಿಯುದ್ದಕ್ಕೂ ಸೈಟಿನ ಕಥೆಗಳನ್ನು ಹೇಳಿ ನಮ್ಮನ್ನು ನಗಿಸುತ್ತಿದ್ದರು. ಅತ್ತಿಗೆ ಜಾಸ್ತಿ ನಗುವವರಲ್ಲ. ಆದರೂ ಕಾಕಾನ ಮಾತಿಗೆ ಅವರ ತುಟಿಯ ಅಂಚು ಏರುವುದನ್ನು ನಾನು ಹಿಂದಿನಿಂದ ಕನ್ನಡಿಯಲ್ಲಿ ನೋಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಕಾರು ತೊಳೆಯುವಾಗ ಅತ್ತಿಗೆ ನನ್ನನ್ನು ಕೂಗಿದರು. "ಬಾರೇ ಇಲ್ಲಿ. ಈ ಟೈರು ನೋಡು."

ಮುಂದಿನ ಎರಡು ಟೈರುಗಳನ್ನೂ ಕೆಲವೇ ತಿಂಗಳ ಹಿಂದೆ ಹೊಸದಾಗಿ ಹಾಕಿಸಿದ್ದರು. ಆಗ ಒಳ್ಳೆಯ ಟೈರು ಬೇಕೆಂದರೆ ಅಂಗಡಿಯವನಿಗೆ ಹೇಳಿಟ್ಟು ಕಾಯಬೇಕಿತ್ತು. ಎಡಗಡೆಯ ಟೈರಿನ ಹೊರಗಿನ ಅಂಚು ಇನ್ನೂ ಹೊಸದರಂತೆಯೇ ಇತ್ತು. ಆದರೆ ಒಳಗಿನ ಅಂಚಿನಲ್ಲಿ ಗೆರೆಗಳೇ ಮಾಯವಾಗಿ ಬೋಳಾಗಿತ್ತು. ಬಲಗಡೆಯದೂ ಒಳಗೆ ಸವೆದಿತ್ತು, ಆದರೆ ಅಷ್ಟಿಲ್ಲ. ಅತ್ತಿಗೆ ಅಂಗೈಯನ್ನು ಟೈರಿನ ಮೇಲಿಟ್ಟು ಒಳಗಿನಿಂದ ಹೊರಕ್ಕೆ ಸವರಿದರು, ಆಮೇಲೆ ಹೊರಗಿನಿಂದ ಒಳಕ್ಕೆ. ಮಿಲ್ಲಿನಲ್ಲಿ ಬಟ್ಟೆಯ ಮೇಲೆ ಕೈಯಾಡಿಸಿ ನೋಡುವ ಅಭ್ಯಾಸ ಅವರದು.

"ನೀನೂ ಮುಟ್ಟಿ ನೋಡು. ಹೊರಗೆ ಹೋಗುವಾಗ ನುಣ್ಣಗಿದೆ. ಒಳಗೆ ಬರುವಾಗ ಕೈಗೆ ತರಚುತ್ತೆ."

ಮುಟ್ಟಿದೆ. ನಿಜವಾಗಿಯೂ ಒಂದು ಕಡೆಯಿಂದ ನುಣುಪು, ಇನ್ನೊಂದು ಕಡೆಯಿಂದ ಗರಗಸದ ಹಲ್ಲಿನಂತೆ ಒರಟು. ಹಾಗೆಂದರೇನು ಎಂದು ಕೇಳಿದೆ.

"ಗೊತ್ತಿಲ್ಲ. ಆದರೆ ರಸ್ತೆ ಹಾಳಾಗಿದ್ದರೆ ಹೀಗೆ ಒಂದೇ ದಿಕ್ಕಿಗೆ ಸವೆಯಲ್ಲ," ಎಂದರು.

ಅಷ್ಟು ಹೊತ್ತಿಗೆ ಬಿಲ್ಡಿಂಗಿನ ನಾಲ್ಕಾರು ಜನ ಸುತ್ತ ಸೇರಿದ್ದರು. ಕಾರಿನ ವಿಷಯದಲ್ಲಿ ಅಭಿಪ್ರಾಯವಿಲ್ಲದ ಗಂಡಸು ನಮ್ಮ ಬಿಲ್ಡಿಂಗಿನಲ್ಲಿ ಇರಲಿಲ್ಲ. ಒಬ್ಬರು ಟೈರೇ ನಕಲಿ ಎಂದರು. ನನ್ನ ಗಂಡ ಮಳೆಗಾಲದ ಗುಂಡಿಗಳನ್ನು ಬೈದರು. ಕೆಳಗಿನ ಮನೆಯವರು ಮಾತ್ರ ಮೇಲೆ ನೋಡಿ, "ಕಾಕಾ ಕಾ ವಜನ್ ದೇಖಾ ಹೈ?" ಎಂದು ಅವರ ತೂಕವನ್ನು ಆಡಿ ನಕ್ಕರು. ಕಾಕಾ ತಮ್ಮ ಗ್ಯಾಲರಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದರು. ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ. ಆದರೆ ಯೋಚಿಸುತ್ತ, "ಎಡಗಡೆಗೆ ಭಾರ ಜಾಸ್ತಿ ಬೀಳ್ತಿರಬಹುದು," ಎಂದುಬಿಟ್ಟರು. ಅವರು ಲೆಕ್ಕಾಚಾರದಲ್ಲಿ ಹೇಳಿದ ಮಾತು ಅದು. ಮೇಲೆ ನಿಂತವರಿಗೆ ಹಾಗೆ ಕೇಳಿಸಿರಲಾರದು.

ಮರುದಿನ ಕಾಕಾ ಮೆಟ್ಟಿಲಲ್ಲಿ ಸಿಕ್ಕರು. "ಅಕ್ಕಾರ, ಇವತ್ತಿನಿಂದ ನಾ ಬಸ್ಸಿಗೆ ಹೋಗ್ತೀನ್ರಿ. ನಮ್ಮ ಆಫೀಸಿನ ಟೈಮ್ ಬದಲಾಗೇತಿ," ಎಂದು ಚೀಲ ಹಿಡಿದು ಹೊರಟೇ ಹೋದರು. ಅತ್ತಿಗೆ ಅದನ್ನು ನಂಬಿದರು. ನಾನು ನಂಬಲಿಲ್ಲ. ಆದರೆ ಮನೆಗೆ ಹೊಸಬಳು, ಬಾಯಿ ಬಿಡಲಿಲ್ಲ.

ಮುಂದಿನ ವಾರ ಕಾರನ್ನು ಸ್ಟೇಷನ್ ಹತ್ತಿರದ ಗ್ಯಾರೇಜಿಗೆ ಒಯ್ದೆವು. ಮೇಸ್ತ್ರಿ ಮಂಗಳೂರು ಕಡೆಯವರು. ಮುಂದಿನ ಎರಡು ಚಕ್ರಗಳ ನಡುವಿನ ಅಂತರವನ್ನು ಒಂದು ಉದ್ದನೆಯ ಸರಳಿನಿಂದ ಮುಂಭಾಗದಲ್ಲೊಮ್ಮೆ, ಹಿಂಭಾಗದಲ್ಲೊಮ್ಮೆ ಅಳೆದರು.

"ಟೈರಿನದ್ದು ಏನೂ ತಪ್ಪಿಲ್ಲ ಅಕ್ಕ. ಚಕ್ರ ಎರಡೂ ಮುಂದುಗಡೆ ಅಗಲ ಆಗಿವೆ. ನೀವು ನೇರ ಹೋಗ್ತೀರಿ, ಚಕ್ರ ಹೊರಗೆ ಹೋಗ್ಲಿಕ್ಕೆ ನೋಡ್ತದೆ. ಹಾಗೆ ಒಳಗಿನ ಅಂಚು ಉಜ್ಜಿ ಉಜ್ಜಿ ಹೋಗುವುದು. ಎಡಗಡೆ ಸ್ಟೀರಿಂಗ್ ರಾಡ್ ಸ್ವಲ್ಪ ಬಾಗಿದೆ. ಎಲ್ಲಿಯಾದರೂ ಗುದ್ದಿದ್ದು ಉಂಟಾ?"

"ನಾನು ಎಲ್ಲೂ ಗುದ್ದಿಲ್ಲ," ಎಂದರು ಅತ್ತಿಗೆ. ಅವರ ಮಾತಿನಲ್ಲಿ ಸಂದೇಹಕ್ಕೆ ಜಾಗವಿರಲಿಲ್ಲ. ಕಾರಿನ ಮೈಮೇಲೆ ಒಂದು ಗೀರೂ ಇರಲಿಲ್ಲ, ಅದು ನಿಜ.

ರಾಡ್ ಬದಲಾಯಿತು, ಚಕ್ರಗಳನ್ನು ಸರಿಯಾಗಿ ಕೂರಿಸಿಕೊಟ್ಟರು. ಅಲ್ಲಿಯವರೆಗೆ ನೇರ ರಸ್ತೆಯಲ್ಲೂ ಸ್ಟೀರಿಂಗಿನ ಅಡ್ಡಪಟ್ಟಿ ಸ್ವಲ್ಪ ಓರೆಯಾಗಿ ನಿಲ್ಲುತ್ತಿತ್ತು. ಈಗ ನೆಟ್ಟಗಾಯಿತು. ಅತ್ತಿಗೆಗೆ ಸಮಾಧಾನ. ಆದರೆ ತಿಂಗಳು ಕಳೆಯುವುದರೊಳಗೆ ಪಟ್ಟಿ ಮತ್ತೆ ಓರೆಯಾಯಿತು. ಟೈರಿನ ಮೇಲೆ ಕೈಯಾಡಿಸಿದರೆ ಮತ್ತೆ ಅದೇ ತರಚು.

ಗ್ಯಾರೇಜಿಗೆ ಹೋಗಿ ಅತ್ತಿಗೆ ತಣ್ಣಗೆ ಹೇಳಿದರು, "ನೀವು ಮಾಡಿದ ಕೆಲಸ ನಿಂತಿಲ್ಲ."

ಮೇಸ್ತ್ರಿ ಕಾರಿನಡಿ ಮಲಗಿ ನೋಡಿ ಎದ್ದುಬಂದರು. ಅವರ ಮುಖವೂ ಬಿಗಿದಿತ್ತು. "ಹೊಸ ರಾಡ್ ಕೂಡ ಬಾಗಿದೆ. ಅದು ತನ್ನಷ್ಟಕ್ಕೆ ಬಾಗುವುದಿಲ್ಲ ಅಕ್ಕ. ಏನೋ ಒಂದು ಬಡಿತಾ ಉಂಟು. ನನಗೆ ಗೊತ್ತಾಗುವುದಿಲ್ಲ, ನೀವೇ ನೋಡಬೇಕು."

ಇಂಥ ಮಾತಿಗೆ ಬೇರೆಯವರಾಗಿದ್ದರೆ ಜಗಳವಾಡಿ ಗ್ಯಾರೇಜು ಬದಲಿಸುತ್ತಿದ್ದರು. ಅತ್ತಿಗೆ ಸುಮ್ಮನೆ ಕಾರು ಹತ್ತಿದರು. ಚೆಂಬೂರು ನಾಕಾ ದಾಟಿದರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, "ಕಾಕಾ ಈಗ ಕಾರಲ್ಲಿ ಬರ್ತಿಲ್ಲ. ಆದರೂ ಎಡಗಡೆಯದೇ ಬಾಗಿದೆ. ಅಂದಮೇಲೆ ಭಾರ ಕಾರಣ ಅಲ್ಲ," ಎಂದರು.

ಆಗ ನನಗೆ ತಡೆಯಲಾಗಲಿಲ್ಲ. "ಅತ್ತಿಗೆ, ಕಾಕಾನ ಆಫೀಸಿನ ಟೈಮೇನೂ ಬದಲಾಗಿಲ್ಲ. ಅವತ್ತು ನೀವು ಹೇಳಿದ್ದು ಅವರಿಗೆ ಕೇಳಿಸಿತ್ತು," ಎಂದೆ.

ಅತ್ತಿಗೆ ಕಾರನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದರು. ನನ್ನ ಮುಖ ನೋಡಿದರು. "ಯಾಕೆ ಮೊದಲೇ ಹೇಳಲಿಲ್ಲ?" ಎಂದು ಕೇಳಲಿಲ್ಲ. "ಸರಿ, ಮೊದಲು ಕಾರಣ ಸಿಗಲಿ," ಎಂದಷ್ಟೇ ಹೇಳಿ ಮತ್ತೆ ಹೊರಟರು.

ರಾಡ್ ಮತ್ತೆ ಹಾಕಿಸಿದ ಮೇಲೆ ಅವರು ಹುಡುಕಿದ ರೀತಿಯನ್ನು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ. ತಾವು ಓಡಿಸುವಾಗ ತಮಗೆ ಕಾಣದ್ದು ಏನೋ ಇದೆ ಎಂದು ಒಪ್ಪಿಕೊಂಡೇ ಹೊರಟರು. ಬೆಳಿಗ್ಗೆ ನನ್ನನ್ನು ಎಡಗಡೆ ಮುಂದೆ ಕೂರಿಸಿ, ಚಕ್ರಕ್ಕೆ ಏನಾದರೂ ತಗುಲಿದರೆ ಹೇಳು ಎಂದರು. ಸಾಯನ್, ಮಾಟುಂಗಾ, ಎಲ್ಲೂ ಏನೂ ತಗುಲಲಿಲ್ಲ. ಮಿಲ್ಲಿನ ಅಂಗಳದಲ್ಲಿ ನಿಲ್ಲಿಸುವ ಜಾಗ ಸಪಾಟಾಗಿತ್ತಂತೆ. ಸಂಜೆ ಮನೆಗೆ ಬರುವ ಹೊತ್ತಿಗೆ ನನಗೆ ಗೇಟಿನ ಹತ್ತಿರ ಇಳಿಯಲು ಹೇಳಿದರು. "ನಾನು ದಿನಾ ಮಾಡೋ ಹಾಗೇ ಒಳಗೆ ತಂದು ನಿಲ್ಲಿಸ್ತೀನಿ. ನೀನು ಎಡಗಡೆ ಚಕ್ರ ಒಂದನ್ನೇ ನೋಡು. ನನ್ನ ಮುಖ ನೋಡಬೇಡ."

ನಮ್ಮ ಕಂಪೌಂಡಿನಲ್ಲಿ ಪಂಪ್ ರೂಮಿನ ಗೋಡೆಗೆ ಒತ್ತಿಕೊಂಡು ಅತ್ತಿಗೆ ಕಾರು ನಿಲ್ಲಿಸುತ್ತಿದ್ದರು. ನೀರಿನ ಟ್ಯಾಂಕರ್ ಬಂದರೆ ತಿರುಗಲು ಜಾಗ ಇರಲೆಂದು. ಆ ಗೋಡೆಯ ಬುಡದಲ್ಲಿ ಚಪ್ಪಡಿ ಹಾಸಿ ಮುಚ್ಚಿದ ಮಳೆನೀರಿನ ಗಟಾರ, ಗಟಾರಕ್ಕೆ ಕಲ್ಲಿನ ಏರು ಅಂಚು. ಕಾರು ತಿರುಗಿ ಬಂತು. ಸ್ಟೀರಿಂಗ್ ಪೂರ್ತಿ ಎಳೆದಿದ್ದರಿಂದ ಚಕ್ರ ಅಡ್ಡಡ್ಡವಾಗಿಯೇ ಕಲ್ಲಿಗೆ ಬಡಿಯಿತು, ಒಂದು ಗಳಿಗೆ ಒತ್ತಿ ನಿಂತು ಮೇಲೆ ಹತ್ತಿತು, ಧಡಕ್ಕನೆ ಆಚೆ ಇಳಿಯಿತು. ಒಳಗೆ ಕೂತವರಿಗೆ ಅದು ದಿನನಿತ್ಯದ ಸಣ್ಣ ಕುಲುಕಾಟ. ಮನೆ ಬಂತು ಎಂದು ಚೀಲ ಎತ್ತಿಕೊಳ್ಳುವ ಹೊತ್ತು ಅದು.

ನಾನು ಕಂಡದ್ದನ್ನು ಹೇಳಿದೆ. ಅತ್ತಿಗೆ ನನ್ನ ಗಂಡನನ್ನು ಕೆಳಗೆ ಕರೆಸಿ, ಅದೇ ರೀತಿ ಕಾರು ತಂದು ನಿಲ್ಲಿಸು ಎಂದರು. ತಾವು ಆಫೀಸಿನ ಸೀರೆಯಲ್ಲೇ ಗಟಾರದ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಚಕ್ರ ಕಲ್ಲಿಗೆ ತಾಗುತ್ತಲೇ "ಸಾಕು, ನಿಲ್ಲಿಸು," ಎಂದರು. ಎದ್ದು ಸೀರೆ ಕೊಡವಿಕೊಂಡರು.

"ದಿನಾ ಸಂಜೆ ನನ್ನ ಕೈಯಾರೆ ನಾನೇ ಗುದ್ದಿಸ್ತಿದ್ದೆ. ಮೇಸ್ತ್ರಿ ಕೇಳಿದಾಗ ಎಷ್ಟು ಗಟ್ಟಿಯಾಗಿ ಇಲ್ಲ ಅಂದೆ ನೋಡು," ಎಂದರು.

ನನ್ನ ಗಂಡ ಸಮಾಧಾನ ಹೇಳಲು ಹೋದರು. ಅತ್ತಿಗೆ ಕೇಳಿಸಿಕೊಳ್ಳದೆ ಮೆಟ್ಟಿಲು ಹತ್ತತೊಡಗಿದರು. ಎರಡನೆಯ ಮಹಡಿಯ ನಮ್ಮ ಮನೆಯನ್ನು ದಾಟಿ ಇನ್ನೂ ಮೇಲೆ ಹೋದಾಗ ನಾನೂ ಹಿಂದೆ ಓಡಿದೆ.

ಕಾಕಾ ಬನಿಯನ್ನಿನಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದರು. ಅತ್ತಿಗೆ ಬಾಗಿಲಲ್ಲೇ ನಿಂತು ಹೇಳಿದರು, "ಕಾಕಾ, ನಿಮ್ಮ ತೂಕಕ್ಕೂ ಟೈರು ಸವೆಯೋದಕ್ಕೂ ಏನೂ ಸಂಬಂಧ ಇಲ್ಲ. ತಪ್ಪು ನನ್ನದೇ. ಪಂಪ್ ರೂಮಿನ ಕಲ್ಲಿಗೆ ದಿನಾ ಚಕ್ರ ಬಡಿಸ್ತಿದ್ದೆ. ತಿಳೀದೇ ನಾಲ್ಕು ಜನರ ಎದುರು ನಿಮ್ಮ ಮೇಲೆ ಹಾಕಿದೆ."

ಕಾಕಾ ಗಡಬಡಿಸಿ ಎದ್ದು ಅಂಗಿ ಹುಡುಕಿದರು. "ಏ ಬಿಡ್ರಿ ಅಕ್ಕಾರ, ಅದೇನ್ ದೊಡ್ಡ ಮಾತು. ನಾ ಯಾವಾಗೋ ಮರತೇನಿ." ಆದರೆ ಅವರು ಮರೆತಿರಲಿಲ್ಲ ಎಂಬುದು ಅವರ ದನಿಯಲ್ಲೇ ತಿಳಿಯುತ್ತಿತ್ತು. ಒಳಗಿನಿಂದ ಅವರ ಹೆಂಡತಿ, "ಮರತಿಲ್ಲರಿ. ಅವತ್ತಿಂದ ರಾತ್ರಿ ಒಂದೇ ರೊಟ್ಟಿ ತಿನ್ನಾಕ ಹತ್ಯಾರ," ಎಂದು ಚಹಾ ತಂದಿಟ್ಟರು. ಕಾಕಾ ತಲೆ ತಗ್ಗಿಸಿ ನಕ್ಕರು. ಆ ದಿನ ಅತ್ತಿಗೆ ಮೊದಲ ಸಲ ಬಾಯಿಬಿಟ್ಟು ನಕ್ಕದ್ದನ್ನು ನೋಡಿದೆ. ಚಹಾ ಕುಡಿದು ಏಳುವಾಗ, "ನಾಳೆ ಎಂಟು ಗಂಟೆಗೆ ಕೆಳಗೆ ಇರಿ. ಅದೇ ಸೀಟು," ಎಂದರು.

ಗ್ಯಾರೇಜಿಗೂ ಹೋದರು. ಹೋಗುವ ಅಗತ್ಯವಿರಲಿಲ್ಲ, ಕಾರು ಸರಿಯಾಗಿತ್ತು. ಮೇಸ್ತ್ರಿಗೆ ಕಲ್ಲಿನ ವಿಷಯ ಹೇಳಿ, "ನಿಮ್ಮ ಕೆಲಸ ಸರಿಯಾಗೇ ಇತ್ತು," ಎಂದರು. ಮೇಸ್ತ್ರಿ ಕೈಯೊರೆಸಿಕೊಳ್ಳುವ ಬಟ್ಟೆಯನ್ನು ಹಿಂಡುತ್ತ ನಿಂತರು. ಆಮೇಲೆ ತಾವಾಗಿಯೇ ಸ್ಟೂಲು ಎಳೆದು ಕೂರಿಸಿ ಇನ್ನಷ್ಟು ಹೇಳಿಕೊಟ್ಟರು. ಗಾಳಿ ಕಡಿಮೆಯಿದ್ದರೆ ಎರಡೂ ಅಂಚು ಸವೆಯುತ್ತದೆ, ಹೆಚ್ಚಾದರೆ ನಡು ಸವೆಯುತ್ತದೆ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ನೋಡಬೇಕು. ಮಳೆಗಾಲ ಮುಗಿದ ಮೇಲೆ ಒಮ್ಮೆ ಚಕ್ರದ ಅಳತೆ ಪರೀಕ್ಷಿಸಬೇಕು. ಆಗಾಗ ಮುಂದಿನ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಬೇಕು. ಅತ್ತಿಗೆ ಒಂದನ್ನೂ ಬಿಡಲಿಲ್ಲ. ಕಾರು ನಿಲ್ಲಿಸುವ ಜಾಗವನ್ನು ಗೇಟಿನ ಎದುರಿನ ಸಪಾಟು ನೆಲಕ್ಕೆ ಬದಲಿಸಿದರು. ಟ್ಯಾಂಕರ್ ಬಂದಾಗ ಕೆಳಗೆ ಹೋಗಿ ಕಾರು ಸರಿಸುವ ಕೆಲಸ ಹೆಚ್ಚಾಯಿತು. ಒಂದು ದಿನವೂ ಗೊಣಗಲಿಲ್ಲ. ಆಮೇಲೆ ಹಾಕಿಸಿದ ಹೊಸ ಜೋಡಿ ಟೈರುಗಳು ನಾನು ಡ್ರೈವಿಂಗ್ ಕಲಿಯುವ ತನಕ ಬಾಳಿದವು. ಕಲಿಸಿದವರೂ ಅತ್ತಿಗೆಯೇ.

ನಾನು ಜೀವನದಲ್ಲಿ ಬಹಳ ಓದಿದವರನ್ನು, ದೊಡ್ಡ ಹುದ್ದೆಯವರನ್ನು ಕಂಡಿದ್ದೇನೆ. ತಪ್ಪು ತಮ್ಮದೆಂದು ಗೊತ್ತಾದ ಕೂಡಲೇ ಬಟ್ಟೆ ಕೂಡ ಬದಲಿಸದೆ ಮೆಟ್ಟಿಲು ಹತ್ತಿ ಹೋದವರನ್ನು ಅವರೊಬ್ಬರನ್ನೇ ಕಂಡೆ.

ಕೆಲವು ವರ್ಷಗಳ ಮೇಲೆ ಸಾಂತಾಕ್ರೂಜಿನಲ್ಲಿ ಬಂಧುಗಳ ಮದುವೆ. ಊಟ ಮುಗಿಸಿ ಹೊರಗೆ ಬಂದರೆ ಅತ್ತಿಗೆ ಕಾಣಲಿಲ್ಲ. ಹುಡುಕಿದಾಗ, ರೇಷ್ಮೆ ಸೀರೆಯುಟ್ಟು, ತಲೆಯಲ್ಲಿ ಮಲ್ಲಿಗೆ ಮುಡಿದು, ಯಾರದೋ ಕಾರಿನ ಮುಂದಿನ ಚಕ್ರದೆದುರು ಬಗ್ಗಿ ಟೈರಿನ ಮೇಲೆ ಅಂಗೈ ಸವರುತ್ತಿದ್ದರು. ಕಾರಿನ ಯಜಮಾನರು ಗಾಬರಿಯಿಂದ ಓಡಿಬಂದರು. ಅತ್ತಿಗೆ ತಲೆಯೆತ್ತಿ, ಎಷ್ಟೋ ಕಾಲದ ಪರಿಚಯವಿದ್ದಂತೆ, "ಗಾಳಿ ಕಡಿಮೆ ಇದೆ ಸ್ವಾಮಿ, ಎರಡೂ ಅಂಚು ಸವೀತಿದೆ. ಮನೆಗೆ ಹೋಗೋಕೆ ಮುಂಚೆ ಪೆಟ್ರೋಲ್ ಪಂಪಿನಲ್ಲಿ ಹಾಕಿಸಿಕೊಳ್ಳಿ," ಎಂದರು. ಆ ಮನುಷ್ಯ ಅವರ ಮುಖವನ್ನೂ ಟೈರನ್ನೂ ಎರಡೆರಡು ಸಲ ನೋಡಿ, ಆಮೇಲೆ ತಾವೂ ಪಂಚೆ ಎತ್ತಿ ಕಟ್ಟಿ ಅವರ ಪಕ್ಕ ಕುಕ್ಕರಿಸಿದರು.