ವೈನಿಗೆ ಸೂರ್ಯ ಕಾಣಬೇಕಿತ್ತು

ನಿನ್ನೆ ಸಂಜೆ ಇಚಲಕರಂಜಿಯ ಪೇಟೆಯಲ್ಲಿ, ಚಹಾದಂಗಡಿಯ ಹೊಸ ರೇಡಿಯೊ ಮರಾಠಿಯಲ್ಲಿ ನಾಳಿನ ಹವೆ ಹೇಳಿತು: ಆಕಾಶ ಮೋಡ ಕವಿದಿರುತ್ತದೆ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. “ಇದನ್ನ ಹೇಳಾಕ ಪೆಟ್ಟಿಗಿ ಯಾಕ ಬೇಕ್ರಿ? ನಾ ಛತ್ರಿ ಹಿಡಕೊಂಡs ಬಂದೇನಿ!” ಎಂದ ಒಬ್ಬ. ನಾನೂ ನಗಬೇಕಿತ್ತು. ಆದರೆ ಆ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಕಣ್ಣು ಪಡುವಣಕ್ಕೆ ಹೊರಳುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಮಳೆ ಹೇಗೂ ಸದ್ಯಕ್ಕೆ ನಿಲ್ಲುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಕೊಲ್ಹಾಪುರದಲ್ಲಿ ಮ್ಯಾಟ್ರಿಕ್ ಪರೀಕ್ಷೆ ಬರೆದು ಘಟ್ಟದ ಮಗ್ಗುಲಿನ ಹಲಕರ್ಣಿಯ ಮನೆಗೆ ಮರಳಿದ್ದೆ. ಫಲಿತಾಂಶ ಬರುವವರೆಗೆ ಕೈ ಖಾಲಿ. ಹವೆಯ ದಿನಚರಿ ಇಡತೊಡಗಿದೆ. ಅಂಗಳದ ತಾಮ್ರದ ಚರಿಗೆಯಲ್ಲಿ ಎಷ್ಟು ನೀರು, ಗಾಳಿ ಯಾವ ಕಡೆಯದು, ಇರುವೆ ತತ್ತಿ ಹೊತ್ತು ಗೋಡೆ ಏರಿದವೇ, ಎಲ್ಲಕ್ಕೂ ಒಂದೊಂದು ಮನೆ ಗೀಚಿದ್ದೆ. ಕೊನೆಯ ಮನೆಯಲ್ಲಿ ನಾಳೆಯ ಬಗ್ಗೆ ನನ್ನ ಅಂದಾಜು. ನಿಜವಾದರೆ ಸರಿ ಗುರುತು, ಸುಳ್ಳಾದರೆ ಸೊನ್ನೆ. ತಿಂಗಳ ಕೊನೆಗೆ ಕೂಡಿಸಿದರೆ ಸೊನ್ನೆಗಳದೇ ರಾಜ್ಯ. ಅಣ್ಣ ಅದನ್ನು ತಿರುವಿ ಹಾಕಿ, “ನೀ ಬರದದ್ದರ ಉಲ್ಟಾ ಹಿಡದ್ರ ಪೀಕ ಭಾಳ ಚಲೋ ಬರ್ತೈತಿ ನೋಡು” ಎಂದಿದ್ದ.

ಆ ವರ್ಷವೇ ಅಣ್ಣನ ಮದುವೆಯಾಗಿತ್ತು. ವೈನಿ, ಅಂದರೆ ನಮ್ಮ ಅತ್ತಿಗೆ, ಮೂಡಣ ಬಯಲಿನ ದತ್ತವಾಡದವರು. ಚಾತುರ್ಮಾಸ ಶುರುವಾದ ದಿನ ಬಸದಿಯಲ್ಲಿ ಅವರೊಂದು ನೇಮ ಹಿಡಿದರು: ಪ್ರತಿದಿನ ಸೂರ್ಯನನ್ನು ಕಂಡ ಮೇಲೆಯೇ ಊಟ. ಅವರ ತಾಯಿ ಹಿಡಿಯುತ್ತಿದ್ದ ನೇಮವಂತೆ. ದತ್ತವಾಡದಲ್ಲಿ ಅದು ಕಷ್ಟವೇ ಅಲ್ಲ. ಪಡುವಣ ಮೋಡಗಳು ಸಹ್ಯಾದ್ರಿಯನ್ನು ಏರುವಾಗಲೇ ತಮ್ಮ ಹೊರೆಯನ್ನೆಲ್ಲ ಇಳಿಸಿಬಿಡುತ್ತವೆ. ಅಷ್ಟು ಮೂಡಣಕ್ಕೆ ಹೋಗುವ ಹೊತ್ತಿಗೆ ಹಿಂಜಿದ ಅರಳೆ. ಅಲ್ಲಿಯವರು ಮಳೆಯ ದಾರಿ ಕಾಯುವ ವಾರದಲ್ಲೇ ನಮ್ಮಲ್ಲಿ ಒಲೆಯ ಕಟ್ಟಿಗೆಗೂ ಬೂಸು ಹಿಡಿದಿರುತ್ತದೆ. ಬಯಲುಸೀಮೆಯ ನೇಮವನ್ನು ಮಳೆಸೀಮೆಗೆ ತಂದದ್ದು ಅವರಿಗೆ ತಿಳಿಯಲಿಲ್ಲ, ಹವೆಯ ಪಂಡಿತನಾದ ನನಗೂ ಹೊಳೆಯಲಿಲ್ಲ. ಸೊಸೆ ಎಂಥ ಧರ್ಮವಂತೆ ಎಂದು ಅವ್ವ ಹಿಗ್ಗಿದಳು.

ಆಮೇಲೆ ಪುಷ್ಯ ಮಳೆ ಹಿಡಿಯಿತು. ಮರಾಠಿಯವರು ಅದನ್ನು ‘ಮ್ಹಾತಾರಾ ಪಾವೂಸ’, ಮುದುಕ ಮಳೆ ಎನ್ನುತ್ತಾರೆ. ಬಂದು ಕೂತರೆ ಏಳುವ ಮಾತಿಲ್ಲ. ಮೊದಲ ದಿನ ವೈನಿ ನನ್ನತ್ತ ನೋಡಿ ನಕ್ಕರು: “ನಿಮ್ಮೂರಾಗ ಸೂರ್ಯಾಗ ಸೂಟಿ ಕೊಡ್ತಾರೇನ್ರಿ ಭಾವೋಜಿ?” ಎರಡನೆಯ ದಿನ ನಗಲಿಲ್ಲ. ಕಾಸಿ ಸೋಸಿದ ನೀರಷ್ಟೇ ಅವರ ಆಹಾರ. ಮೂರನೆಯ ಬೆಳಿಗ್ಗೆ ಬೀಸುಕಲ್ಲಿನ ಮುಂದೆ ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದರು. ತವರಿಗೆ ಕಳಿಸೋಣವೆಂದರೆ ಹೊಳೆ ತುಂಬಿ ಚಕ್ಕಡಿಯ ದಾರಿ ಮುಳುಗಿತ್ತು.

“ನೇಮ ಬಿಡವಾ ತಂಗಿ,” ಅವ್ವ ಅಂಗಲಾಚಿದಳು. “ಮುಂದ ಮುನಿ ಮಹಾರಾಜರ ಕಡೆ ಪ್ರಾಯಶ್ಚಿತ್ತ ತಗೊಂಡ್ರಾತು.”

“ಹಿಡದಾಕಿ ನಾ ಅಲ್ರಿ ಅತ್ತಿ? ನಾನs ಮುಗಸ್ತೇನಿ.” ವೈನಿ ನನ್ನತ್ತ ತಿರುಗಿದರು. “ಭಾವೋಜಿ, ಇವತ್ತಿಂದು ಏನ್ ಬರದೀರಿ?”

ಮನೆಯೆಲ್ಲ ನನ್ನ ಮುಖ ನೋಡಿತು. ನನ್ನ ಸೊನ್ನೆಗಳೆಲ್ಲ ಒಟ್ಟಿಗೆ ನೆನಪಾದವು. ಆದರೆ ಒಂದನ್ನು ಗಮನಿಸಿದ್ದೆ: ಹಿಂದಿನ ಸಂಜೆ ಪಡುವಣದ ಮೋಡದ ಅಂಚು ಸ್ವಲ್ಪ ಹೊತ್ತು ತೆಳುವಾಗಿತ್ತು. ಇಳಿಹೊತ್ತಿನ ಸೂರ್ಯ ನಮ್ಮ ಅಂಗಳಕ್ಕೆ ಕಾಣದಂತೆ ಗುಡ್ಡ ಅಡ್ಡ. “ಸಂಜಿಮುಂದ ಗುಡ್ಡದ ಮ್ಯಾಲ ಹೋದ್ರ ಕಾಣಬಹುದ್ರಿ” ಎಂದೆ. ‘ಬಹುದು’ ಎಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಹೊತ್ತು ಮುಳುಗಿದ ಮೇಲೆ ನಾವು ಜೈನರು ಉಣ್ಣುವವರಲ್ಲ. ಆದ್ದರಿಂದ ಅವ್ವ ಹಾಲನ್ನದ ಬೋಗುಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದಳು. ಅಣ್ಣ ವೈನಿಯ ತೋಳು ಹಿಡಿದಿದ್ದ. ಅವರು ದಣಿವಾರಿಸಿಕೊಳ್ಳಲು ನಿಂತಾಗಲೆಲ್ಲ ನಾನು ತಲೆಯೆತ್ತಿ ಮೋಡ ನೋಡುತ್ತಿದ್ದೆ. ತುದಿ ಮುಟ್ಟಿದರೆ ಎಲ್ಲ ಕಡೆ ಬೂದಿ ಬಣ್ಣ. ಕಂಬಳಿಯಡಿ ಕೂತು ಕಾಯ್ದೆವು. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಮೋಡ ತೆಳುವಾಯಿತು. ಅದರ ಹಿಂದೆ ಒಂದು ಬಿಳಿಯ ಬಿಲ್ಲೆ, ಬಿಸಿಲಿಲ್ಲ, ನೆರಳಿಲ್ಲ.

“ಕಂಡಾ! ಉಣ್ಣು, ಉಣ್ಣು,” ಎಂದಳು ಅವ್ವ.

ವೈನಿ ಬೋಗುಣಿ ಮುಟ್ಟಲಿಲ್ಲ. “ಚಂದ್ರ ಇದ್ದಂಗ ಅದಾನಲ್ರಿ. ಭಾವೋಜಿ, ಅವನs ಹೌದೇನು?”

“ಹುಣ್ಣಿಮಿ ಆಗಿ ನಾಕೈದ ದಿನಾ ಆತ್ರಿ ವೈನಿ. ಚಂದ್ರ ಇನ್ನಾ ಹುಟ್ಟೇ ಇಲ್ಲ. ಅವನs ಸೂರ್ಯ.”

ಅವರು ಕೈಮುಗಿದರು. ಒಂದು ತುತ್ತು ಬಾಯಿಗಿಟ್ಟರು. ಎರಡನೆಯದು ಕೈಯಲ್ಲಿರುವಾಗಲೇ ಬಿಲ್ಲೆ ಮಾಯವಾಯಿತು. ಕೈ ಅಲ್ಲೇ ನಿಂತಿತು.

“ಮುಳುಗಿದನೇನ್ರಿ?”

ಮುಳುಗಿದ್ದರೆ ಅವರ ಊಟ ಅಲ್ಲಿಗೆ ಮುಗಿಯಿತು. ಆದರೆ ಬಿಲ್ಲೆ ಕಂಡೊಡನೆಯೇ ನಾನು ತೋಳು ಚಾಚಿ, ಅದಕ್ಕೂ ಗುಡ್ಡದ ಸಾಲಿಗೂ ನಡುವೆ ಬೆರಳಿಟ್ಟು ನೋಡಿದ್ದೆ. ಎರಡು ಬೆರಳು ಹಿಡಿದಿದ್ದವು. ಒಂದು ಬೆರಳು ಇಳಿಯಲು ಹೆಚ್ಚುಕಡಿಮೆ ಅರ್ಧ ಗಳಿಗೆ, ಹನ್ನೆರಡು ನಿಮಿಷ.

“ಮೋಡದಾಗ ಹೋಗ್ಯಾನ, ಮುಳುಗಿಲ್ಲ,” ಎಂದೆ. “ಇನ್ನಾ ಗಳಿಗಿ ಹೊತ್ತೈತಿ. ಸಾವಕಾಶ ಉಣ್ರಿ.”

ಅವರು ನನ್ನ ಮುಖವನ್ನೊಮ್ಮೆ ನೋಡಿ ಆ ತುತ್ತನ್ನು ಬಾಯಿಗಿಟ್ಟರು. ಅವ್ವ ಬಡಿಸುತ್ತಲೇ ಇದ್ದಳು. “ಇವತ್ತರೆ ಒಂದ ಸರಿ ಗುರ್ತ ಹಾಕ್ಕೋಳೋ,” ಎಂದು ಅಣ್ಣ ನನ್ನ ಬೆನ್ನು ಗುದ್ದಿದ. ನನಗೆ ಖುಷಿಪಡಲು ಪುರುಸೊತ್ತಿರಲಿಲ್ಲ. ನಾಳೆ ಮತ್ತೆ ಸೂರ್ಯ ಬೇಕಲ್ಲ. ದಿನಚರಿಯಲ್ಲಿ ‘ನಾಳೆ ದಿನವಿಡೀ ಮಳೆ’ ಎಂದು ಬರೆದು ಮಲಗಿದೆ. ಮರುದಿನ ಮಧ್ಯಾಹ್ನ ಅಂಗಳದ ತುಂಬ ಬಿಸಿಲು. ಆ ಸೊನ್ನೆಯನ್ನು ವೈನಿ ತಮ್ಮ ಕೈಯಾರೆ ಹಾಕಿದರು, ಪುಟ ತುಂಬುವಷ್ಟು ದೊಡ್ಡದಾಗಿ.

ನಿನ್ನೆ ಚಹಾ ಮುಗಿಸಿ ಬಾಡಿಗೆ ಕೋಣೆಗೆ ಮರಳಿದಾಗ, ನಾಳೆ ಮಳೆ ಬರುವುದೇ ಎಂದು ಮನೆಯೊಡತಿ ಬಾಗಿಲಲ್ಲೇ ಮರಾಠಿಯಲ್ಲಿ ಕೇಳಿದರು: “ಉದ್ಯಾ ಪಾವೂಸ ಯೇಣಾರ ಕಾ?”

ಹಿಂದಾಗಿದ್ದರೆ ತಟ್ಟನೆ ಏನಾದರೊಂದು ಹೇಳಿಬಿಡುತ್ತಿದ್ದೆ.

“ನಾಳಿಗೆ ಏನೈತ್ರಿ ನಿಮಗ?” ಎಂದೆ.

ಬಾಣಂತನಕ್ಕೆಂದು ಮಗಳು ಗಡಹಿಂಗ್ಲಜದಿಂದ ಚಕ್ಕಡಿಯಲ್ಲಿ ಬರುವವಳಿದ್ದಳಂತೆ. ನಾನು ಚಪ್ಪಲಿ ಬಿಡಲಿಲ್ಲ. ಹಾಗೆಯೇ ತಿರುಗಿ, ಪಡುವಣ ಕಾಣುವ ಬಯಲಿನವರೆಗೆ ನಡೆದೆ.