ಗುಡ್ಡಕ್ಕೆ ಒಯ್ದ ಎರಡು ಕೊಡ ನೀರು

ನಾನು ಹೇಳಿದ ಒಂದು ಸುಳ್ಳಿಗೆ ಬಿದ್ದ ಬೆಲೆ ಇದು: ಗೌರಮ್ಮನವರ ಎಡಗಾಲು, ಮತ್ತು ಹುಲಿಗೆವ್ವನ ಹೊಟ್ಟೆಪಾಡು. ಅದರಿಂದ ನನಗೆ ಉಳಿದದ್ದು ಒಂದು ತಾಸು. ಆ ತಾಸು ಏಕೆ ಬೇಕಿತ್ತೆಂದರೆ, ಮಸ್ಕಿ ಸಂತೆಗೆ ಒಂದು ಎತ್ತು ಬಂದಿತ್ತು. ಬೇರೆಯವರ ಕೈ ಬೀಳುವ ಮೊದಲು ನಾನು ಅದರ ಹಲ್ಲು ನೋಡಬೇಕಿತ್ತು.

ಇಂದು ಸಿಂಧನೂರಿನಲ್ಲಿ ನನ್ನದೇ ಅಂಗಡಿ ಇದೆ. ಆಗ ಇದ್ದದ್ದು ಒಂದು ಬಂಡಿ, ಒಂದು ಗಟ್ಟಿ ಎತ್ತು, ಇನ್ನೊಂದು ಮುದಿ ಎತ್ತು, ಮತ್ತು ಬಾಯಿ. ರಜಾಕಾರರ ಗಲಾಟೆ ಅಡಗಿ, ಜನ ಮತ್ತೆ ನಿರ್ಭಯವಾಗಿ ದಾರಿ ನಡೆಯುತ್ತಿದ್ದ ಕಾಲ. ಮಸ್ಕಿಯ ಹೊರಗೆ ಗುಡ್ಡದ ಮೇಲೆ ಯಾವನೋ ಹಳೆಯ ಅಧಿಕಾರಿ ಬೇಟೆಗೆಂದು ಕಟ್ಟಿಸಿದ ಎರಡು ಕೋಣೆಯ ಬಂಗಲೆಯಿತ್ತು. ಅದರ ಬೀಗದಕೈಯನ್ನು ನಾನು ಮಾತಿನಲ್ಲೇ ಗಳಿಸಿಕೊಂಡಿದ್ದೆ. ಬಂದವರನ್ನು ಮೇಲೆ ಹತ್ತಿಸುವುದು, ನೀರು ಒಯ್ಯುವುದು, ಸಂಜೆ ಇಳಿಸುವುದು ನನ್ನ ಕೆಲಸ.

ಶಿವರಾತ್ರಿ ಕಳೆದ ವಾರ ಲಿಂಗಸುಗೂರಿನಿಂದ ಶರಣಪ್ಪ ಮಾಸ್ತರರು ಹೆಂಡತಿ ಗೌರಮ್ಮನವರನ್ನು ಕರೆದುಕೊಂಡು ಬಸ್ಸಿಳಿದರು. ಪೆನ್ಷನ್ ಆಗಿ ಎರಡು ತಿಂಗಳಾಗಿತ್ತು. ಹುಡುಗನಾಗಿದ್ದಾಗ ನನ್ನ ಕೈ ಹಿಡಿದು ಅಕ್ಷರ ತೀಡಿಸಿದವರು ಅವರು. ನಾನೀಗ ಇದನ್ನು ಬರೆಯುತ್ತಿರುವುದು ಆ ಅಕ್ಷರದಲ್ಲೇ —

ಗುಡ್ಡದ ಬುಡದಲ್ಲಿ ಮೆಟ್ಟಿಲ ಬಾವಿಯಿದೆ. ಕುಡಿಯುವ ನೀರು ಅಲ್ಲಿಂದಲ್ಲ, ಅರ್ಧ ಹರದಾರಿ ಆಚೆಯ ಸೇದುವ ಬಾವಿಯಿಂದ ತರಬೇಕು. ಇದು ಎಲ್ಲರಿಗೂ ಗೊತ್ತು. ನನಗೆ ಎಲ್ಲರಿಗಿಂತ ಹೆಚ್ಚು ಗೊತ್ತು. ಹತ್ತು ವರ್ಷದವನಿದ್ದಾಗ ನನ್ನ ಹಿಮ್ಮಡಿಯ ಮೇಲೆ ನಾರುಹುಣ್ಣು ಎದ್ದಿತ್ತು. ಬಿಳಿಯ ದಾರದಂಥ ಹುಳ. ಅವ್ವ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಿನಷ್ಟು ಎಳೆಯುತ್ತಿದ್ದಳು. ಹರಿದರೆ ಕಾಲೇ ಹೋಗುತ್ತದೆಂದು ಉಸಿರು ಹಿಡಿದು ಎಳೆಯುತ್ತಿದ್ದಳು. ಮೆಟ್ಟಿಲ ಬಾವಿಯ ನೀರನ್ನು ಸೋಸದೆ ಕುಡಿದದ್ದರ ಫಲ ಅದು.

ಅಂದು ಬೆಳಿಗ್ಗೆ ಆ ಬಾವಿಯ ಕೊನೆಯ ಮೆಟ್ಟಿಲ ಮೇಲೆ ಒಬ್ಬ ಕೂಲಿಯವನು ಉರಿಯುವ ಕಾಲನ್ನು ನೀರಿಗಿಳಿಬಿಟ್ಟು ಕುಳಿತಿದ್ದ. ಪಾದದ ಮೇಲೆ ಹುಣ್ಣು, ಹುಣ್ಣಿನಲ್ಲಿ ಆ ದಾರ. ನೋಡಿದೆ. ನೋಡಿಯೂ — ಅವನಿಂದ ನಾಲ್ಕು ಮೊಳ ಈಚೆಗೆ ಎರಡು ಕೊಡ ತುಂಬಿ ಬಂಡಿಗೆ ಏರಿಸಿದೆ. ಅವರನ್ನು ಮೇಲೆ ಬಿಟ್ಟು ಬೇಗ ಸಂತೆಗೆ ಇಳಿಯಬೇಕಿತ್ತು.

ಮೇಲೆ ತಂಪು ಗಾಳಿ. ಮಾಸ್ತರರು ಕಟ್ಟೆಯ ಮೇಲೆ ಕಾಲು ಚಾಚಿದರು.

"ಮೂವತ್ತು ವರ್ಷ ಹುಡುಗರ್ನ ಕಾದೆ ಅಮರೇಶಿ, ಈಗ ಈಕಿ ನನ್ನ ಕಾಯಾಕತ್ತಾಳ."

"ಹುಡುಗರು ಹೇಳಿದ ಮಾತು ಕೇಳ್ತಿದ್ರು ರೀ," ಎಂದರು ಗೌರಮ್ಮ, ಬುತ್ತಿ ಬಿಚ್ಚುತ್ತ.

ಆಮೇಲೆ ಅವರು ಚೀಲದಿಂದ ಬಿಳಿಯ ಅರಿವೆ ತೆಗೆದು, ನಾಲ್ಕು ಪದರ ಮಡಿಚಿ, ಚರಗಿಯ ಬಾಯಿಗೆ ಹಿಡಿದರು. ಅರಿವೆಯ ಮೇಲೆ ಪಾಚಿ ನಿಂತರೆ ನಾನು ಸಿಕ್ಕಿಬೀಳುತ್ತೇನೆ. ಆ ಒಂದು ಹೆದರಿಕೆ ಉಳಿದೆಲ್ಲವನ್ನೂ ನುಂಗಿತು.

"ಯಾವ ಬಾವಿ ನೀರಪಾ ಇದು?"

"ಸೇದೋ ಬಾವೀದು ರೀ ಅವ್ವಾರ, ನನ್ನ ಕೈಯ್ಯಾರೆ ಸೇದೀನಿ. ಸೋಸೋದೇನ್ ಬ್ಯಾಡ್ರಿ."

ಅವರು ನಕ್ಕು ಅರಿವೆ ಮಡಿಚಿಟ್ಟರು. "ನೀ ಅಂದಮ್ಯಾಲೆ ಆತು ಬಿಡು." ಚರಗಿ ಎತ್ತಿ ಗಟಗಟನೆ ಕುಡಿದು, ನನಗೂ ಚಾಚಿದರು. "ನೀನೂ ಒಂದೀಟು ಕುಡಿ. ಬಿಸಲಾಗ ಬಂದೀ."

"ನೀರಡಿಕಿ ಇಲ್ರೀ," ಎಂದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಸಂತೆಗೆ ಹೋಗಿ ಟವೆಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು, ಬೆಲೆ ಕುದುರಿಸಿ ವ್ಯಾಪಾರ ಮುಗಿಸಿದೆ. ಎತ್ತು ಒಳ್ಳೆಯದೇ ಸಿಕ್ಕಿತು, ಇದನ್ನು ಮುಚ್ಚಿಡುವುದಿಲ್ಲ. ಮಧ್ಯಾಹ್ನ ಮೇಲೆ ಬಂದು ನೋಡಿದರೆ ಒಂದು ಕೊಡ ಅರ್ಧಕ್ಕಿಳಿದಿತ್ತು. ಮಾಸ್ತರರದು ದಿನವಿಡೀ ಚಹಾ, ಕುದಿಸಿದ್ದು. ಗೌರಮ್ಮನವರಿಗೆ ಚಹಾ ಸೇರದು. ಅವರು ನೀರನ್ನೇ ಕುಡಿದರು. ಗಂಡನ ತಲೆಗೆ ಎಣ್ಣೆ ಹಚ್ಚುತ್ತ, ಮಂಡಕ್ಕಿ ಮೆಲ್ಲುತ್ತ, ಕೆಳಗಿನ ಹೊಲಗಳಲ್ಲಿ ಯಾವುದು ಜೋಳ ಯಾವುದು ಕುಸುಬಿ ಎಂದು ಗಂಡನೊಡನೆ ವಾದಿಸುತ್ತ, ನಡುನಡುವೆ ಚರಗಿ ಎತ್ತುತ್ತಿದ್ದರು. ಎತ್ತಿದಾಗಲೆಲ್ಲ ಈಗ ಹೇಳಬೇಕು, ಈಗ — ಎಂದುಕೊಂಡೆ. ಹಿಮ್ಮಡಿಯ ಹಳೆಯ ಕಲೆ ಕಾಣದಂತೆ ಧೋತರ ಕೆಳಗೆಳೆದುಕೊಂಡೆ. ಹೇಳಲಿಲ್ಲ. ಸಂಜೆ ಅವರನ್ನು ಬಸ್ಸಿಗೆ ಹತ್ತಿಸಿ, ಸೇದುವ ಬಾವಿಗೆ ಹೋಗಿ ನಾನು ಹೊಟ್ಟೆತುಂಬ ಕುಡಿದೆ.

ನಾರು ಹೊರಬರಲು ಒಂದು ವರ್ಷ ಬೇಕು. ಆ ವರ್ಷ ನಾನು ಹೇಗೆ ಕಳೆದೆನೋ — ಲಿಂಗಸುಗೂರಿನ ಬಸ್ಸು ಬಂದರೆ ಅಂಗಡಿಗಳ ಹಿಂದೆ ಸರಿಯುತ್ತಿದ್ದೆ. ಮುಂದಿನ ಶಿವರಾತ್ರಿ ಕಳೆಯಿತು. ತಡೆಯಲಾರದೆ ನಾನೇ ಹೋದೆ. ಗೌರಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದರು. ಊದಿದ ಮೊಣಕಾಲಿನ ಕೆಳಗೆ ಕಡ್ಡಿ. ಕಡ್ಡಿಗೆ ಬಿಳಿಯ ದಾರ.

"ಬಾ ಅಮರೇಶಿ. ನೋಡು ನನ್ನ ಹಣೇಬರಾ," ಎಂದರು. "ನೀರು ತರೋ ಹುಲಿಗೆವ್ವ ಯಾವ ಬಾವೀದು ತಂದು ಹಾಕಿದ್ಳೋ ಏನೋ. ಆಣಿ ಮಾಡಿ ಅತ್ಲು. ಇವರು ಕೆಲಸ ಬಿಡಿಸಿಬಿಟ್ರು. ನಿನ್ನ ನೀರು ನೋಡು, ಎಷ್ಟು ಚೊಕ್ಕ ಇತ್ತು!"

ಬಾಯಿ ತೆರೆದೆ. "ಔಷಧ ಹಚ್ಚೀರೇನ್ರೀ?" ಎಂಬುದಷ್ಟೇ ಹೊರಬಂತು.

ಆ ಹುಳ ನಡುವೆ ಹರಿಯಿತು. ಕೀವಾಗಿ, ಮೊಣಕಾಲು ಮಡಿಚಿದ್ದು ಮತ್ತೆ ನೆಟ್ಟಗಾಗಲಿಲ್ಲ. ಈಗ ಐದು ವರ್ಷ, ಗೋಡೆ ಹಿಡಿದೇ ನಡೆಯುತ್ತಾರೆ. ಹುಲಿಗೆವ್ವನನ್ನು ಆ ಓಣಿಯಲ್ಲಿ ಆಮೇಲೆ ಯಾರೂ ನೀರಿಗೆ ಇಟ್ಟುಕೊಳ್ಳಲಿಲ್ಲ. ಕಲ್ಲು ಒಡೆಯಲು ಹೋಗುತ್ತಾಳೆಂದು ಕೇಳಿದೆ.

ನಾಳೆ ಮೊದಲ ಬಸ್ಸಿಗೆ ಲಿಂಗಸುಗೂರಿಗೆ ಹೋಗುತ್ತೇನೆ. ಮೊದಲು ಹುಲಿಗೆವ್ವನ ಮನೆ, ಆಮೇಲೆ ಅವಳನ್ನು ಕರೆದುಕೊಂಡು ಮಾಸ್ತರರ ಮನೆ. ಅವಳ ಎದುರಿಗೇ ಹೇಳಬೇಕು.

ಓದುವವರಿಗೆ ನನ್ನದೊಂದು ಮಾತು. ಎಷ್ಟೇ ಪರಿಚಯದವನು ನೀರು ತಂದುಕೊಡಲಿ, ನಾಲ್ಕು ಪದರ ಅರಿವೆಯಲ್ಲಿ ಸೋಸಿಯೇ ಕುಡಿಯಿರಿ. ಕೊಟ್ಟವನಿಗೂ ಅದನ್ನೇ ಮೊದಲು ಕುಡಿಯಲು ಹೇಳಿ. ಬಿಸಿಲಿನಲ್ಲಿ ಬಂದವನು ನೀರಡಿಕೆಯಿಲ್ಲ ಎಂದರೆ, ಆ ಕೊಡವನ್ನು ಅಲ್ಲೇ ಚೆಲ್ಲಿಬಿಡಿ.