ಸೂರ್ಯೋದಯದ ಲೆಕ್ಕಕ್ಕೆ ಬಂದ ಕಾರ್ಡ್

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆಗಲೇ ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇತ್ತೆಂದರೆ ಈಗಲೂ ಯಾರೂ ನಂಬುವುದಿಲ್ಲ. ಮುಂಬಯಿಯಲ್ಲಿ ಎಂಜಿನಿಯರ್ ಆಗಿದ್ದ ಅಣ್ಣ ಬಿಡಿಭಾಗ ತಂದು ತಾನೇ ಜೋಡಿಸಿ ಕೊಟ್ಟಿದ್ದ. ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ಊರಿಗೆ ದಿನದಿನದ ಸೂರ್ಯೋದಯದ ಹೊತ್ತು ಕಂಡುಹಿಡಿಯಬೇಕೆಂಬ ಹುಚ್ಚು ನನಗೆ. ಇಷ್ಟೇ ದೂರಕ್ಕೆ ಏನು ಮಹಾ ವ್ಯತ್ಯಾಸ ಎಂದು ನಗುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಆ ಸಲ ಅಣ್ಣ ನೋಟುಬುಕ್ಕಿನಷ್ಟು ಅಗಲದ ಒಂದು ಕಾರ್ಡ್ ತಂದ. ಕಂಪ್ಯೂಟರಿನೊಳಗೆ ಸಿಕ್ಕಿಸಿದರೆ ಕಷ್ಟದ ಲೆಕ್ಕವನ್ನೆಲ್ಲ ಅದರ ಮೇಲಿನ ಪುಟ್ಟ ಪ್ರೊಸೆಸರೇ ಮಾಡುತ್ತದಂತೆ, ಅದೂ ಹತ್ತು ಪಟ್ಟು ಬೇಗ! ನಾನು ಕುಣಿಯುವುದೊಂದು ಬಾಕಿ.

"ಸಂಜಿ ಬಸ್ಸಿಗೆ ಹೊಂಟೇನಿ. ಅಷ್ಟರಾಗ ಇದರಿಂದ ಏನ್ ಉಪಯೋಗ ಆಗ್ತೈತಿ ತೋರಸು. ಇಲ್ಲಂದ್ರ ವಾಪಸ್ ಒಯ್ತೇನಿ, ಅಲ್ಲಿ ಕೇಳೋರು ಭಾಳ ಮಂದಿ ಅದಾರ," ಎಂದ ಅಣ್ಣ.

ಗಡಿಯಾರ ಹಿಡಿದು ಕೂತೆ. ಒಂದು ತಿಂಗಳ ಲೆಕ್ಕಕ್ಕೆ ಕಾರ್ಡ್ ಇಲ್ಲದೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಕಾರ್ಡ್ ಹಾಕಿದ ಮೇಲೆ ಇಪ್ಪತ್ತು! ಅಣ್ಣ ಕಾರ್ಡಿನ ಡಬ್ಬಿ ಹುಡುಕತೊಡಗಿದ. ನನಗೆ ಅಳುವೇ ಬಂತು. ಸಿಟ್ಟಿನಲ್ಲಿ ಅಡುಗೆಮನೆಗೆ ಹೋಗಿ ಅವ್ವನ ಪಕ್ಕ ಕೂತು ದಬದಬ ರೊಟ್ಟಿ ಬಡಿಯತೊಡಗಿದೆ.

"ಏ, ಜರಾ ತಡಿಯವಾ," ಎಂದಳು ಅವ್ವ. "ಹಂಚು ಒಂದ ಐತಿ. ನೀ ಎಷ್ಟ ಜಲ್ದಿ ಬಡದ್ರ ಏನ್ ಬಂತು? ಸುಡಾಕ ಹೊತ್ತು ಬೇಕಲ್ಲ."

ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಓಡಿದೆ. ತಪ್ಪಾದೀತೆಂಬ ಭಯಕ್ಕೆ ನಾನು ಲೆಕ್ಕದ ಪ್ರತಿ ಹಂತವನ್ನೂ ಕಂಪ್ಯೂಟರಿಗೆ ಜೋಡಿಸಿದ್ದ ಹಳೆಯ ಟೆಲಿಪ್ರಿಂಟರಿನಲ್ಲಿ ಅಚ್ಚು ಮಾಡಿಸುತ್ತಿದ್ದೆ. ಅದು ಒಂದೊಂದೇ ಅಕ್ಷರ ಕುಟ್ಟಿ ಮುಗಿಸುವವರೆಗೆ ಪಾಪ, ಕಾರ್ಡ್ ಕೈಕಟ್ಟಿ ಕೂತಿರುತ್ತಿತ್ತು. ಅಚ್ಚು ಮಾಡು ಎನ್ನುವ ಸಾಲುಗಳನ್ನೆಲ್ಲ ಪ್ರೋಗ್ರಾಮಿನಿಂದ ಕಿತ್ತುಹಾಕಿದೆ. ಲೆಕ್ಕ ಮುಗಿದಾಗ ಗಂಟೆ ಬಾರಿಸು ಎಂಬುದನ್ನಷ್ಟೇ ಉಳಿಸಿದೆ; ಉತ್ತರ ಒಳಗೇ ಇರಲಿ, ಆಮೇಲೆ ಅಚ್ಚು ಮಾಡಿಸಿದರಾಯಿತು.

ಮೊದಲು ಕಾರ್ಡ್ ತೆಗೆದು ನೋಡಿದೆ. ಎರಡು ನಿಮಿಷ. ಕಾರ್ಡ್ ಹಾಕಿ ಮತ್ತೆ ಗುಂಡಿ ಒತ್ತಿದೆ. ಹನ್ನೆರಡು ಎಣಿಸುವಷ್ಟರಲ್ಲಿ ಠಣ್ ಎಂದಿತು!

"ಅಣ್ಣಾ, ಬಾ ಇಲ್ಲಿ, ಇನ್ನೊಮ್ಮೆ ನೋಡು!" ಎಂದು ಚೀರಿದೆ. ಇನ್ನೊಮ್ಮೆಯೂ ಅಷ್ಟೇ. ಅಷ್ಟು ಖುಷಿ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಬಸ್ಸಿನ ಹೊತ್ತಾಯಿತು. ಅಣ್ಣ ಕಾರ್ಡಿನ ಖಾಲಿ ಡಬ್ಬಿಯನ್ನು ಅವ್ವನ ಮುಂದೆ ಹಿಡಿದ.

"ಯವ್ವಾ, ಇದರಾಗ ನಾಕು ರೊಟ್ಟಿ ಮಡಚಿ ಇಡು."